ಅರಸಾಳು ಸ್ಟೇಷನ್ನಿನ ಒಂದು ಶನಿವಾರ

ಶನಿವಾರ ನಮ್ಮ ಹೈಸ್ಕೂಲು ಅರ್ಧ ದಿನ. ಹನ್ನೊಂದೂವರೆಗೆ ಗಂಟೆ ಹೊಡೆದ ಕೂಡಲೇ ಉಳಿದ ಹುಡುಗರು ಮೈದಾನಕ್ಕೆ ಓಡುತ್ತಿದ್ದರು, ನಾನು ಬಸ್ಸಿಗೆ ಓಡುತ್ತಿದ್ದೆ. ರಿಪ್ಪನ್‌ಪೇಟೆಯಿಂದ ಅರಸಾಳಿಗೆ ಬಂದು, ಮನೆಗೆ ಹೋಗಿ, ಅಮ್ಮ ಕಟ್ಟಿಟ್ಟ ಬುತ್ತಿಯನ್ನು ಒಂದು ಗಂಟೆಯೊಳಗೆ ರೈಲ್ವೆ ಸ್ಟೇಷನ್ನಿಗೆ ಮುಟ್ಟಿಸಬೇಕಿತ್ತು. ಅಪ್ಪಯ್ಯ ಅಲ್ಲಿ ಪಾಯಿಂಟ್ಸ್‌ಮನ್, ಗಾಡಿಗೆ ಹಳಿ ಬದಲಿಸಿಕೊಡುವ ಕೆಲಸ. ಬೇರೆ ದಿನ ಅಮ್ಮನೇ ಹೋಗುತ್ತಿದ್ದಳು. ಶನಿವಾರದ ಬುತ್ತಿ ಮಾತ್ರ ನನ್ನದು.

ಆಗ ನಮ್ಮದು ಮೀಟರ್ ಗೇಜ್ ಹಳಿ. ಬೀರೂರಿನಿಂದ ಶಿವಮೊಗ್ಗ, ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪಕ್ಕೆ ಬಂದರೆ ಹಳಿ ಮುಗಿಯಿತು. ಮುಂದೆ ಜೋಗಕ್ಕೋ, ಘಟ್ಟ ಇಳಿದು ಹೊನ್ನಾವರಕ್ಕೋ ಹೋಗುವವರು ಬಸ್ಸು ಹಿಡಿಯಬೇಕು. ನಮ್ಮ ಸ್ಟೇಷನ್ನು ಅಂದರೆ ಒಂದು ಪುಟ್ಟ ಹಳೇ ಕಟ್ಟಡ, ಸುತ್ತ ಮರಗಳು, ಅಷ್ಟೇ. ಗಾಡಿ ಬಂದಾಗ ಹತ್ತು ಜನ ಕಾಣುತ್ತಿದ್ದರು. ಗಾಡಿ ಹೋದ ಮೇಲೆ ಸ್ಟೇಷನ್ ಮಾಸ್ಟರು, ಅಪ್ಪಯ್ಯ, ಮತ್ತೆ ಹಕ್ಕಿಗಳ ಕೂಗು. ಅಂಥ ಜಾಗಕ್ಕೆ ಸಿನಿಮಾದವರು ಯಾಕೆ ಬರುತ್ತಾರೆ ಅಂತ ನಮಗೆ ಅರ್ಥವೇ ಆಗಿರಲಿಲ್ಲ.

ಎಂಬತ್ತರ ದಶಕದ ನಡುಭಾಗ ಅದು. ಆಗುಂಬೆಯಲ್ಲಿ ಶೂಟಿಂಗ್ ನಡೀತಿದೆ, ಇಡೀ ಊರನ್ನೇ ಬೇರೆ ಊರು ಮಾಡಿದ್ದಾರೆ, ಅಂಗಡಿಗಳಿಗೆಲ್ಲ ಹೊಸ ಬೋರ್ಡು ಹಾಕಿದ್ದಾರೆ ಅಂತ ತೀರ್ಥಹಳ್ಳಿ ಕಡೆಯಿಂದ ಬಂದವರು ಹೇಳುತ್ತಿದ್ದರು. ಊರಿನ ಹೆಸರು ಮಾಲ್ಗುಡಿಯಂತೆ. ಅದು ಎಲ್ಲಿದೆ ಅಂತ ನಮ್ಮ ಕನ್ನಡ ಮೇಷ್ಟ್ರನ್ನು ಕೇಳಿದೆವು. ಎಲ್ಲೂ ಇಲ್ಲ, ಆರ್.ಕೆ. ನಾರಾಯಣ್ ಅಂತ ಮೈಸೂರಿನಲ್ಲಿ ಒಬ್ಬರಿದ್ದಾರೆ, ಅವರ ತಲೆಯಲ್ಲಿದೆ ಅಂದರು. 1935ರಲ್ಲಿ ಸ್ವಾಮಿ ಅನ್ನೋ ಹುಡುಗನ ಕತೆ ಬರೆದರು, ಅವತ್ತಿಂದ ಆ ಊರು ಬೆಳೀತಾನೇ ಇದೆ ಅಂದರು. ನಾರಾಯಣ್ ಅವರಿಗೆ ಆ ಊರು ಮೊದಲು ಹೊಳೆದದ್ದೇ ಒಂದು ಸಣ್ಣ ರೈಲ್ವೆ ಸ್ಟೇಷನ್ನಾಗಿ ಅಂತ ನಾನು ಓದಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅದಕ್ಕೇ ಅಲ್ವಾ ಅವರು ಆಗುಂಬೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದು. ಆಗುಂಬೆಯಲ್ಲಿ ಎಲ್ಲವೂ ಇತ್ತು, ರೈಲು ಇರಲಿಲ್ಲ.

ಆದರೆ ಹುಡುಗರಿಗೆ ಬೇಕಾಗಿದ್ದದ್ದು ಮಾಲ್ಗುಡಿ ಅಲ್ಲ, ಆ ಕತೆಗಳನ್ನು 'ಮಾಲ್ಗುಡಿ ಡೇಸ್' ಅಂತ ಟಿವಿಗೆ ನಿರ್ದೇಶಿಸುತ್ತಿದ್ದ ಶಂಕರ್‌ನಾಗ್. ಟೆಂಟಿನಲ್ಲಿ 'ಆಟೋ ರಾಜ' ನೋಡಿದ್ದೆವು, 'ಗೀತಾ' ನೋಡಿದ್ದೆವು. ಕರಾಟೆ ಕಿಂಗ್ ಅಂದರೆ ಅವರೇ. ಗೋಡೆಗೆ ಕಾಲು ಕೊಟ್ಟು ಹಾರುವುದನ್ನು ಕಲಿಯಲು ಹೋಗಿ ಕೈ ಮುರಿದುಕೊಂಡ ಹುಡುಗ ನಮ್ಮ ಕ್ಲಾಸಿನಲ್ಲೇ ಇದ್ದ. ಅವರು ನಿರ್ದೇಶನ ಕೂಡ ಮಾಡುತ್ತಾರೆ ಅಂದರೆ ಅದು ಏನು ಕೆಲಸ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 'ಮಿಂಚಿನ ಓಟ' ಅವರೇ ನಿರ್ದೇಶಿಸಿದ್ದು ಅಂತ ಪೋಸ್ಟರಿನಲ್ಲಿ ಇತ್ತು, ನಾವು ಆ ಸಾಲು ಓದುತ್ತಿರಲಿಲ್ಲ.

ಆ ಶನಿವಾರ ಬಸ್ಸು ತಡ. ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಅಮ್ಮ ಮೂರು ಡಬ್ಬಿಯ ಕ್ಯಾರಿಯರ್ ಕೈಗೆ ಕೊಟ್ಟು ಓಡು ಅಂದಳು. ಮೇಲಿನ ಡಬ್ಬಿಯಲ್ಲಿ ಹುರಿದ ಒಣಮೀನು, ನಡುವಿನದರಲ್ಲಿ ಬಸಳೆ ಸಾರು, ಕೆಳಗೆ ಅನ್ನ. ರಸ್ತೆ ಸುತ್ತು ಅಂತ ನಾನು ಹಳಿಯ ಪಕ್ಕದ ಕಾಲುದಾರಿ ಹಿಡಿದೆ. ಸಾರು ಚೆಲ್ಲಬಾರದು, ಅದಕ್ಕೆ ಕಣ್ಣೆಲ್ಲ ಕ್ಯಾರಿಯರ್ ಮೇಲೆ. ತಲೆ ಎತ್ತದೆ ಜಲ್ಲಿ ಕಲ್ಲು ದಾಟಿ ಪ್ಲಾಟ್‌ಫಾರಂ ಹತ್ತಿದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಎಲ್ಲ ಕಡೆಯಿಂದ ಕೂಗು. ಏಯ್ ಹುಡುಗ, ಯಾರದು, ಹಿಡೀರಿ ಅವನನ್ನ. ತಲೆ ಎತ್ತಿ ನೋಡಿದರೆ ಸ್ಟೇಷನ್ನಿನ ಬೋರ್ಡು ನಮ್ಮದಲ್ಲ. ಮಾಲ್ಗುಡಿ ಅಂತ ಇದೆ. ಎದುರಿಗೆ ಕಪ್ಪು ಕ್ಯಾಮೆರಾ, ಅದರ ಹಿಂದೆ ಇಪ್ಪತ್ತು ಮೂವತ್ತು ಜನ. ಪ್ಲಾಟ್‌ಫಾರಂ ಮೇಲೆ ಹಳೇ ಕಾಲದ ಬಟ್ಟೆ ಹಾಕಿದವರು ನಿಂತಲ್ಲೇ ನನ್ನನ್ನು ನೋಡುತ್ತಿದ್ದಾರೆ. ನನ್ನ ಕಾಲು ಅಲ್ಲೇ ಹೂತು ಹೋದ ಹಾಗಾಯಿತು. ಅಷ್ಟೂ ಜನರ ಕೆಲಸ ನನ್ನಿಂದ ಕೆಟ್ಟಿತು, ಇನ್ನು ಅಪ್ಪಯ್ಯನ ನೌಕರಿಗೂ ಏನಾದರೂ ಆಗುತ್ತದೆ ಅಂತ ಹೊಟ್ಟೆಯಲ್ಲಿ ತಣ್ಣಗಾಯಿತು.

ಜನರ ನಡುವಿನಿಂದ ಗಡ್ಡದವರೊಬ್ಬರು ನಡೆದು ಬಂದರು. ಅವಸರದ ನಡಿಗೆ. ಎರಡು ಮಾರು ದೂರ ಇರುವಾಗ ಗುರುತು ಸಿಕ್ಕಿತು. ಶಂಕರ್‌ನಾಗ್. ಪರದೆಯ ಮೇಲಿನ ಹಾಗಿರಲಿಲ್ಲ, ಅಂಗಿಯ ಬೆನ್ನು ಬೆವತು ಒದ್ದೆಯಾಗಿತ್ತು, ಕಣ್ಣು ನಿದ್ದೆಗೆಟ್ಟವರ ಹಾಗೆ ಕೆಂಪಗಿತ್ತು. ಅವರು ಮೊದಲು ನನ್ನ ಕಡೆ ನೋಡಲಿಲ್ಲ. ಕೂಗುತ್ತಿದ್ದವರ ಕಡೆ ತಿರುಗಿ ಕೈ ಎತ್ತಿದರು. ಕೂಗು ನಿಂತಿತು. ಆಮೇಲೆ ಬಗ್ಗಿ ಕ್ಯಾರಿಯರ್ ನೋಡಿದರು. ಯಾರಿಗೆ ಅಂತ ಕೇಳಿದರು. ನನಗೆ ಬಾಯಿ ಬರಲಿಲ್ಲ, ಸ್ಟೇಷನ್ ಕಡೆ ಕೈ ತೋರಿಸಿದೆ. ಅಲ್ಲಿ ಬಾಗಿಲ ಸಂದಿಯಲ್ಲಿ ಅಪ್ಪಯ್ಯ ನಿಂತಿದ್ದರು. ಶೂಟಿಂಗ್ ಮುಗಿಯುವ ತನಕ ಈಚೆ ಬರಬಾರದು ಅಂತ ಅವರಿಗೆ ಹೇಳಿದ್ದರಂತೆ. ನನ್ನನ್ನು ನೋಡಿ ಅವರ ಮುಖವೂ ಬಿಳಿಚಿಕೊಂಡಿತ್ತು.

ಶಂಕರ್‌ನಾಗ್ ಒಮ್ಮೆ ಅಪ್ಪಯ್ಯನನ್ನು ನೋಡಿದರು, ಒಮ್ಮೆ ಕೈಗಡಿಯಾರ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, ಕ್ಯಾಮೆರಾದ ಮುಂದೆಯೇ, ಅಷ್ಟುದ್ದ ಪ್ಲಾಟ್‌ಫಾರಂ ದಾಟಿಸಿ ಅಪ್ಪಯ್ಯನ ಹತ್ತಿರ ಬಿಟ್ಟರು. ಉಣ್ಣಿ ಅನ್ನುವ ಹಾಗೆ ಕೈಸನ್ನೆ ಮಾಡಿದರು. ಅಪ್ಪಯ್ಯ ಬೇಡ ಸ್ವಾಮಿ, ಆಮೇಲೆ ಆಯ್ತು ಅಂದರು. ಅವರು ತಲೆ ಅಲ್ಲಾಡಿಸಿ, ಅಪ್ಪಯ್ಯ ಕ್ಯಾರಿಯರ್ ಹಿಡಿದು ಒಳಗೆ ಹೋಗಿ ಕೂರುವ ತನಕ ಅಲ್ಲೇ ನಿಂತಿದ್ದು, ವಾಪಸು ಹೊರಟರು. ಹೋಗುವಾಗ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಕ್ಯಾಮೆರಾದ ಹಿಂದೆ ಒಂದು ಮರದ ಪೆಟ್ಟಿಗೆ ತೋರಿಸಿದರು. ಅದರ ಮೇಲೆ ನಾನು ಕೂತೆ.

ಇಷ್ಟೇ ಆಗಿದ್ದು. ಮಾತು ಅಂತ ಅವರು ನನ್ನ ಜೊತೆ ಆಡಿದ್ದು ಆ ಒಂದೇ ಪ್ರಶ್ನೆ.

ಪೆಟ್ಟಿಗೆಯ ಮೇಲೆ ಕೂತು ಸಂಜೆಯ ತನಕ ನೋಡಿದೆ. ಹೀರೋ ಅಂದರೆ ಕುರ್ಚಿಯಲ್ಲಿ ಕೂತಿರುತ್ತಾರೆ, ಕೊಡೆ ಹಿಡಿಯುತ್ತಾರೆ ಅಂದುಕೊಂಡಿದ್ದವನಿಗೆ ಕಂಡದ್ದೇ ಬೇರೆ. ಅವರು ಕೂತದ್ದನ್ನೇ ನಾನು ನೋಡಲಿಲ್ಲ. ಬೆಂಚು ಎರಡು ಗೇಣು ಆಚೆ ಹೋಗಬೇಕು ಅಂದರೆ ತಾವೇ ಒಂದು ಕಡೆ ಹಿಡಿದು ಎತ್ತಿದರು. ಮೂಟೆ ಹೊರುವವನ ಪಾತ್ರ ಮಾಡುತ್ತಿದ್ದ ಊರಿನವರೊಬ್ಬರಿಗೆ ನಡೆಯುವುದು ಹೇಗೆ ಅಂತ ತಾವು ಮೂಟೆ ಹೊತ್ತು ನಡೆದು ತೋರಿಸಿದರು. ಒಂದೇ ದೃಶ್ಯವನ್ನು ಎರಡು ಸಲ ತೆಗೆಯುತ್ತಿದ್ದರು, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಹಿಂದಿಯಲ್ಲಿ. ಬಿಸಿಲು ಜಾರುವುದರೊಳಗೆ ಎರಡೂ ಮುಗಿಯಬೇಕು, ಅದಕ್ಕೇ ಆ ಅವಸರ. ಅಷ್ಟು ಅವಸರದ ನಡುವೆ ಅವರು ನನಗೋಸ್ಕರ ಕಳೆದ ಆ ಐದು ನಿಮಿಷದ ಬೆಲೆ ನನಗೆ ಅವತ್ತು ತಿಳಿಯಲಿಲ್ಲ. ಈಗ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಸೋಮವಾರ ಶಾಲೆಯಲ್ಲಿ ನಾನು ರಾಜ. ಮೂರು ದಿನ ಅದೇ ಕತೆ ಹೇಳಿದೆ. ಕನ್ನಡ ಮೇಷ್ಟ್ರು ಕರೆದು, ಬಾಯಲ್ಲಿ ಹೇಳಿದ್ದು ಸಾಕು, ಎರಡು ಪುಟ ಬರೆದುಕೊಂಡು ಬಾ ಅಂದರು. ಬರೆದೆ. ಶಂಕರ್‌ನಾಗ್ ಅವರು ಬಹಳ ದೊಡ್ಡ ಮನುಷ್ಯರು, ಅವರ ಸರಳತೆಯನ್ನು ಎಷ್ಟು ಹೊಗಳಿದರೂ ಸಾಲದು, ಹೀಗೆಲ್ಲ. ಮೇಷ್ಟ್ರು ಓದಿ, ಕೆಂಪು ಪೆನ್ನಿನಲ್ಲಿ ಅಷ್ಟಕ್ಕೂ ಗೆರೆ ಎಳೆದು, ಅವರು ಕೈ ಎಲ್ಲಿ ಇಟ್ಟರು, ನಿನ್ನ ಅಪ್ಪ ಎಲ್ಲಿ ನಿಂತಿದ್ದರು, ಡಬ್ಬಿಯಲ್ಲಿ ಏನಿತ್ತು ಅದನ್ನು ಬರಿ ಅಂದರು. ನನಗೆ ಒಣಮೀನು ಅಂತ ಬರೆಯಲು ನಾಚಿಕೆ. ಬರೀಲೇಬೇಕು ಅಂದರು. ಎರಡನೇ ಸಲ ಬರೆದದ್ದನ್ನು ಅವರು ಕ್ಲಾಸಿನಲ್ಲಿ ಓದಿ ಹೇಳಿದರು. ಆ ನೋಟ್ ಪುಸ್ತಕ ಈಗ ಇಲ್ಲ. ನಮ್ಮ ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ ಎರಡು ಪುಟ, ಆ ಕೆಂಪು ಗೆರೆ.

ಮುಂದೆ ಕಾಲೇಜಿಗೆ ಶಿವಮೊಗ್ಗಕ್ಕೆ ಹೋದ ಮೇಲೆ ಅವರು ನಿರ್ದೇಶಿಸಿದ್ದನ್ನೆಲ್ಲ ಹುಡುಕಿಕೊಂಡು ಹೋಗಿ ನೋಡಿದೆ. 'ಆಕ್ಸಿಡೆಂಟ್' ನೋಡಿದೆ, ಡಾ. ರಾಜ್‌ಕುಮಾರ್ ಅವರ 'ಒಂದು ಮುತ್ತಿನ ಕಥೆ' ನೋಡಿದೆ. ಪೋಸ್ಟರಿನ ಆ ಸಾಲನ್ನು ಈಗ ಮೊದಲು ಓದುತ್ತಿದ್ದೆ. ಶಂಕರ್‌ನಾಗ್ ಹೊನ್ನಾವರದ ಕಡೆಯವರು ಅಂತ ಗೊತ್ತಾದಾಗ ವಿಚಿತ್ರ ಖುಷಿಯಾಯಿತು, ನಮ್ಮ ಹಳಿ ಮುಗಿದಲ್ಲಿಂದ ಘಟ್ಟ ಇಳಿದರೆ ಅವರ ಊರು. ಇನ್ನೊಮ್ಮೆ ಎದುರು ಸಿಕ್ಕರೆ ಕ್ಯಾರಿಯರ್ ಹುಡುಗ ನಾನೇ ಅಂತ ಹೇಳಬೇಕು ಅಂದುಕೊಂಡಿದ್ದೆ. ಅವರಿಗೆ ನೆನಪಿರುವುದಿಲ್ಲ, ಇರಬೇಕಾಗಿಯೂ ಇಲ್ಲ, ಆದರೂ.

1990ರ ಸೆಪ್ಟೆಂಬರ್ 30, ಭಾನುವಾರ. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತವಾಗಿ ಹೋಗಿಬಿಟ್ಟರು ಅಂತ ಹಾಸ್ಟೆಲಿನಲ್ಲಿ ಯಾರೋ ಓಡಿ ಬಂದು ಹೇಳಿದರು. ಶೂಟಿಂಗಿಗೆ ಹೊರಟಿದ್ದರಂತೆ. ಮೂವತ್ತಾರು ಕೂಡ ತುಂಬಿರಲಿಲ್ಲ. ಅವತ್ತು ಶಿವಮೊಗ್ಗದ ಆಟೋ ಸ್ಟ್ಯಾಂಡಿನಲ್ಲಿ ಗಟ್ಟಿಮುಟ್ಟಾದ ಗಂಡಸರು ಹಿಂದಿನ ಸೀಟಿನಲ್ಲಿ ಕೂತು ಅಳುತ್ತಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಮುಂದಿನ ಶನಿವಾರ ಊರಿಗೆ ಹೋದೆ. ಅಪ್ಪಯ್ಯ ಆ ವಿಷಯ ಎತ್ತಲಿಲ್ಲ. ಉಣ್ಣಲು ಕೂತಾಗ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಇದ್ದರು.

ಈಗ ಹಳಿ ಬ್ರಾಡ್ ಗೇಜ್ ಆಗಿದೆ, ಹೊಸ ಸ್ಟೇಷನ್ ಕಟ್ಟಡ ಬಂದಿದೆ. ಪಾಳು ಬಿದ್ದಿದ್ದ ಹಳೇ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ತುಂಬಾ ಒಳ್ಳೆಯ ಕೆಲಸ. ನಾನು ಹೋದಾಗ ಒಂದು ಕುಟುಂಬ ಫೋಟೋ ತೆಗೆಸಿಕೊಳ್ಳುತ್ತಿತ್ತು, ಮಕ್ಕಳು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದರು. ಅಪ್ಪಯ್ಯ ನಿಂತಿದ್ದ ಬಾಗಿಲು ಅದು. ಅವರಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಮಕ್ಕಳು ಯಾರಾದರೂ ಅಲ್ಲಿಗೆ ಹೋದರೆ ಒಂದು ಕ್ಷಣ ಆ ಬಾಗಿಲ ಹತ್ತಿರ ನಿಂತು ನೋಡಿ.

ಒಂದು ವಿಷಯ ಬಿಟ್ಟುಹೋಯಿತು, ಟಿವಿಯದ್ದು. 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬರಲು ಶುರುವಾದಾಗ ನಮ್ಮ ಕಡೆ ಟಿವಿ ಇದ್ದದ್ದು ಒಬ್ಬ ಅಡಿಕೆ ತೋಟದವರ ಮನೆಯಲ್ಲಿ ಮಾತ್ರ. ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿದ್ದರು, ಗಾಳಿ ಬೀಸಿದರೆ ಚಿತ್ರವೆಲ್ಲ ಚುಕ್ಕಿ. ಮಾತು ಹಿಂದಿ, ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಎಲ್. ವೈದ್ಯನಾಥನ್ ಅವರ ಆ ರಾಗ ಶುರುವಾಗಿ, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು ಬಂದ ಕೂಡಲೇ ಜಗಲಿಯ ತುಂಬ ಇದ್ದವರು ಗಪ್‌ಚಿಪ್. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಓಡಿ ಬಂದರೆ ನಮ್ಮವನೇ ಓಡಿ ಬಂದ ಹಾಗೆ. ನಮ್ಮ ಸ್ಟೇಷನ್ ಬರುತ್ತದೆ ಅಂತ ಗೊತ್ತಾದ ವಾರ ಅಪ್ಪಯ್ಯ ಒಗೆದ ಅಂಗಿ ಹಾಕಿಕೊಂಡು ನಮ್ಮ ಜೊತೆ ಬಂದರು. ಅಮ್ಮ ಬಾಗಿಲಲ್ಲೇ ಕೂತಳು.

ಬಂತು. ನಮ್ಮ ಪ್ಲಾಟ್‌ಫಾರಂ, ನಮ್ಮ ಕಟ್ಟಡ, ಆ ಬೆಂಚು. ಅವರು ಎರಡು ಗೇಣು ಆಚೆ ಇಡಿಸಿದ ಜಾಗದಲ್ಲೇ ಇತ್ತು. ನಾನು ನಡೆದು ಬಂದಿದ್ದ ಜಾಗ ಖಾಲಿ. ಬಾಗಿಲೂ ಖಾಲಿ. ಎಲ್ಲರೂ ನನ್ನನ್ನು, ಅಪ್ಪಯ್ಯನನ್ನು ಹುಡುಕಿದರು. ಪಕ್ಕದ ಮನೆಯವರೊಬ್ಬರು ಕೇಳಿಯೇಬಿಟ್ಟರು, ಎಂತ ಮಾರಾಯ್ರೆ, ಇಷ್ಟು ವರ್ಷದಿಂದ ಅಲ್ಲೇ ಇದ್ದೀರಿ, ನೀವೇ ಕಾಣಲಿಲ್ಲವಲ್ಲ?

ಅಪ್ಪಯ್ಯ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, "ಆವಾಗ ನಾನು ಒಳಗೆ ಉಣ್ತಾ ಇದ್ದೆ."