ಎರಡನೆಯ ವೈರನ್ನೂ ಕೀಳಿ

ಪ್ರವಾಸದಲ್ಲಿರುವ ಮಾರಾಟ ವಿಭಾಗದವರು ಹೊರಗಿನಿಂದ ಕಚೇರಿಯ ಜಾಲಕ್ಕೆ ಬರಲೆಂದು ಇಟ್ಟಿದ್ದ, ಜಾಲದ ಬಾಗಿಲು ಕಾಯುವ ಫೈರ್‌ವಾಲ್ ಅದು. 2020ರ ಮಾರ್ಚ್‌ನಲ್ಲಿ ಇಡೀ ಕಚೇರಿ ಅದರ ಮೇಲೆ ಬಂದು ಬಿತ್ತು. ವಿಪಿಎನ್ (ಮನೆಯಿಂದ ಕಚೇರಿಯ ಜಾಲಕ್ಕೆ ಸುರಕ್ಷಿತ ದಾರಿ) ಲೈಸೆನ್ಸ್ ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಮೇಲಿನವರ ನಂಬಿಕೆ. ಲೈಸೆನ್ಸ್ ಬಂತು, ಕಚೇರಿಯ ಇಂಟರ್ನೆಟ್ ಲಿಂಕ್ ಮಾತ್ರ ಹಳೆಯದೇ. ಸಾಲದೆಂಬಂತೆ ಫುಲ್ ಟನಲ್. ಮನೆಯಲ್ಲಿ ಕುಳಿತವರ ವಿಡಿಯೋ ಕರೆಯೂ ಕಚೇರಿಗೆ ಬಂದು, ಅಲ್ಲಿಂದ ಮತ್ತೆ ಹೊರಗೆ ಹೋಗಬೇಕು. ವಾರದ ಸಭೆಯಲ್ಲಿ ನಿರ್ದೇಶಕರ ಮುಖ ಅರ್ಧ ಮಾತಿನಲ್ಲಿ ಕಲ್ಲಾಗುವುದು, ಮರುಕ್ಷಣ ನನಗೊಂದು ದೂರಿನ ಟಿಕೆಟ್ ಬೀಳುವುದು ವಾಡಿಕೆಯಾಯಿತು.

ಕಚೇರಿಯ ಕೆಲಸವಷ್ಟೇ ವಿಪಿಎನ್ ಮೂಲಕ, ಉಳಿದದ್ದು ಮನೆಯಿಂದಲೇ ನೇರವಾಗಿ ಹೋಗುವ ಸ್ಪ್ಲಿಟ್ ಟನಲ್‌ಗೆ ಕೊನೆಗೂ ಒಪ್ಪಿಗೆ ಸಿಕ್ಕಿತು. ರಾತ್ರಿಯ ಚೇಂಜ್ ವಿಂಡೋ, ಅಂದರೆ ಬದಲಾವಣೆಗೆಂದು ಕೊಟ್ಟ ಸಮಯ. ನಾನೂ ಅದೇ ವಿಪಿಎನ್ ಹಿಡಿದೇ ಒಳಗೆ ಹೋಗಿದ್ದೆ. ಇಂತಹ ಕೆಲಸಕ್ಕೆ ಮೊದಲು 'ರಿಲೋಡ್ ಇನ್ 10' ಎಂಬ ಆಜ್ಞೆ ಹಾಕಿಕೊಳ್ಳಬೇಕು; ನಾವು ಸಿಕ್ಕಿಬಿದ್ದರೂ ಹತ್ತು ನಿಮಿಷಕ್ಕೆ ಪೆಟ್ಟಿಗೆ ತಾನಾಗಿ ರೀಬೂಟ್ ಆಗಿ, ಉಳಿಸಿಟ್ಟ ಹಳೆಯ ಕಾನ್ಫಿಗರೇಶನ್‌ಗೆ ಮರಳುತ್ತದೆ. ಆದರೆ ಪೇರೋಲ್‌ನವರು ಇನ್ನೂ ಕೆಲಸದಲ್ಲಿದ್ದರು. ಅದನ್ನು ರದ್ದುಮಾಡಲು ಮರೆತರೆ ಅವರ ಸಂಪರ್ಕ ಕಡಿದುಹೋದೀತೆಂದು ಹಾಕಲಿಲ್ಲ. ಎಷ್ಟು ಕಾಳಜಿ ನೋಡಿ.

ಹಳೆಯ ನ್ಯಾಟ್ (ಜಾಲದ ವಿಳಾಸ ಬದಲಿಸುವ ನಿಯಮ) ಸಾಲನ್ನು ತೆಗೆದು ಹೊಸದನ್ನು ಸೇರಿಸಬೇಕಿತ್ತು. ತೆಗೆದೆ. ಎಂಟರ್ ಒತ್ತಿದೆ. ಕರ್ಸರ್ ನಿಂತಲ್ಲೇ ನಿಂತಿತು. ಮತ್ತೊಮ್ಮೆ ಎಂಟರ್. ಇನ್ನೊಂದು ಕಿಟಕಿಯಲ್ಲಿ ಸಂಪರ್ಕ ಪರೀಕ್ಷಿಸುವ ಪಿಂಗ್ ಒಂದರ ಕೆಳಗೊಂದು ಟೈಮ್ಔಟ್ ಸಾಲುಗಳನ್ನು ಇಳಿಸುತ್ತಿತ್ತು. ಕುಳಿತ ಕೊಂಬೆಯನ್ನೇ ಕಡಿದಿದ್ದೆ.

ಪೇರೋಲ್ ಮೇಡಂ ಕರೆ ಬಂತು: "ಸರ್, ನನಗೊಬ್ಬಳಿಗೇ ಹೀಗೋ, ಎಲ್ಲರಿಗೂ ಹೀಗೆಯೋ?"

"ನೋಡುತ್ತಿದ್ದೇನೆ ಮೇಡಂ" ಎಂದೆ. ನೋಡಲು ಏನೂ ಇರಲಿಲ್ಲ.

ಕಚೇರಿಯಲ್ಲಿ ಇದ್ದದ್ದು ರಾತ್ರಿ ಪಾಳಿಯ ಕಾವಲುಗಾರ ಒಬ್ಬರೇ. ಸರ್ವರ್ ಕೋಣೆಯ ಬೀಗ ತೆಗೆದು, "ಸರ್, ಇಲ್ಲಿ ಎಲ್ಲವೂ ಮಿನುಗುತ್ತಿದೆ" ಎಂದರು. ರ‍್ಯಾಕಿನ ಫೋಟೋ ತರಿಸಿಕೊಂಡು, ಫೈರ್‌ವಾಲ್‌ಗೆ ಗುರುತು ಹಾಕಿ ಕಳುಹಿಸಿದೆ. ಅದರ ಪವರ್ ವೈರ್ ಕೀಳಲು ಹೇಳಿದೆ.

"ಕಿತ್ತೆ ಸರ್. ದೀಪ ಆರಲಿಲ್ಲ."

ಬೇರೆ ಪೆಟ್ಟಿಗೆಯದನ್ನು ಕಿತ್ತರೇ? ಸ್ಟೋರೇಜ್‌ನದ್ದೇ? ಬೆನ್ನು ತಣ್ಣಗಾಯಿತು. ನಾನು ಏನೂ ತೋಚದೆ ಕುಳಿತಿರುವಾಗ ಅವರೇ ಬಗ್ಗಿ ನೋಡಿ, "ಇದಕ್ಕೆ ಹಿಂದೆ ಇನ್ನೊಂದು ವೈರಿದೆ, ಅದನ್ನೂ ಕೀಳಲೇ?" ಎಂದು ಕೇಳಿದರು. ಎರಡು ಪವರ್ ಸಪ್ಲೈ ಇರುವ ಯಂತ್ರ. ಅದು ಬೇಕೇ ಬೇಕೆಂದು ಹಟ ಹಿಡಿದು ಕೊಡಿಸಿದ್ದವನು ನಾನೇ.

ಬದಲಾವಣೆಯನ್ನು 'ರೈಟ್ ಮೆಮೊರಿ' ಮಾಡಿ ಉಳಿಸಿರಲಿಲ್ಲ, ಅದೊಂದು ಪುಣ್ಯ. ಬೂಟ್ ಆದ ಮೇಲೆ ಎಲ್ಲವೂ ಮೊದಲಿನಂತೆ ಎದ್ದು ನಿಂತಿತು. ಈಗ ರಿಲೋಡ್ ಹಾಕದೆ ಯಾರೂ ದೂರದಿಂದ ಫೈರ್‌ವಾಲ್ ಮುಟ್ಟುವಂತಿಲ್ಲ. ಹೊಸ ಸಾಲು ಮೊದಲು, ಹಳೆಯದನ್ನು ತೆಗೆಯುವುದು ಆಮೇಲೆ. ಎರಡೂ ವೈರುಗಳಿಗೆ ಕೆಂಪು ಪಟ್ಟಿ ಅಂಟಿಸಿದ್ದೇವೆ. ತುರ್ತು ಕ್ರಮಗಳ ಕೈಪಿಡಿಯಾದ ರನ್‌ಬುಕ್‌ನಲ್ಲಿ ಮೊದಲ ಫೋನ್ ಸಂಖ್ಯೆ ಕಾವಲು ಕೊಠಡಿಯದು.

ವಿಪಿಎನ್ ಬಿದ್ದರೂ ಬೇರೆ ದಾರಿಯಿಂದ ಫೈರ್‌ವಾಲ್ ತಲುಪಲು 4ಜಿ ಮೋಡೆಮ್ ಇರುವ ಕನ್ಸೋಲ್ ಸರ್ವರ್ ಕೊಡಿಸಿ ಎಂದು ಆರ್‌ಸಿಎಯಲ್ಲಿ (ಮೂಲ ಕಾರಣದ ವರದಿಯಲ್ಲಿ) ಬರೆದೆ. ಎಲ್ಲರೂ ಮನೆಯಲ್ಲಿರುವಾಗ ಕಚೇರಿಗೇಕೆ ಖರ್ಚು ಎಂಬ ಉತ್ತರ ಬಂತು. ಅದೇ ತಿಂಗಳು ನೌಕರರ ಪರದೆಯ ಚಿತ್ರ ತೆಗೆದು ಕಳುಹಿಸುವ ನಿಗಾ ತಂತ್ರಾಂಶವೊಂದನ್ನು ಕೊಂಡರು. ಆ ಚಿತ್ರಗಳೆಲ್ಲ ಬಂದು ಸೇರುವುದು ಕಚೇರಿಯ ಸರ್ವರ್‌ಗೆ, ಅದೇ ಟನಲ್ ಮೂಲಕ. ಲಿಂಕ್ ಏಕೆ ನಿಧಾನವಾಗಿದೆ ಎಂದು ಮತ್ತೆ ಟಿಕೆಟ್ ಬಿದ್ದಿದೆ.