ಮೀನು ತಿನ್ನುವ ಹುಲಿ

ನಮ್ಮ ಕಾಲದಲ್ಲಿ ಶಾಲೆಯಲ್ಲಿ ಎರಡು ಲೈಬ್ರರಿ ಇದ್ದವು. ಒಂದು ಬೀಗ ಹಾಕಿದ ಕಪಾಟು. ಅದರ ಕೀಲಿ ಮಾಸ್ತರರ ಹತ್ತಿರ. ಇನ್ನೊಂದು ಕೊನೇ ಬೆಂಚಿನ ಕೆಳಗೆ. ಚಂದಮಾಮ, ಅಮರ ಚಿತ್ರ ಕಥೆ, ಕಾಮಿಕ್ಸು ಎಲ್ಲ ಅಲ್ಲಿ. ಬೈತಖೋಲದಿಂದ ಬರುತ್ತಿದ್ದ ಗೆಳೆಯನೊಬ್ಬ ಅದರ ಮುಖ್ಯಸ್ಥ. ಕಾಯುವವರು ಜಾಸ್ತಿಯಾದರೆ ಪಿನ್ನು ಕಿತ್ತು ಹಾಳೆ ಹಂಚಿಬಿಡುತ್ತಿದ್ದ. ಒಬ್ಬನಿಗೆ ಮೊದಲ ಭಾಗ, ಇನ್ನೊಬ್ಬನಿಗೆ ಕೊನೆಯದು. ನನ್ನ ಪಾಲಿಗೆ ಹೆಚ್ಚಾಗಿ ನಡುವಿನದೇ.

ಹಾಗೆ ಸಿಕ್ಕಿದ್ದು ಆ ಹುಲಿ. ದ್ವೀಪದ ದಂಡೆಯಲ್ಲಿ ನಿಂತಿತ್ತು, ಬಾಯಲ್ಲಿ ಮೀನು. ಪಕ್ಕದಲ್ಲೇ ಜಿಂಕೆಯೊಂದು ಹೆದರಿಕೆಯಿಲ್ಲದೆ ನೀರು ಕುಡಿಯುತ್ತಿತ್ತು. ಪ್ರಿಂಟು ಸರಿ ಕೂತಿರಲಿಲ್ಲ. ಹುಲಿಯ ಹಳದಿ ಗೆರೆ ದಾಟಿ ನೀರಿಗೂ ಹರಡಿತ್ತು. ಮೀನು ಮಾತ್ರ ಬಂಗಡೆಯ ಹಾಗೇ ಇತ್ತು, ಅಥವಾ ನಾನು ಹಾಗಂದುಕೊಂಡೆ. ಕಾರವಾರದ ಹುಡುಗನಿಗೆ ಬೇರೆ ಏನು ಕಂಡೀತು?

ಸಂಜೆ ದಂಡೆಯಲ್ಲಿ ಕೂತರೆ ದೂರದಲ್ಲಿ ಕೂರ್ಮಗಡ ದ್ವೀಪ ಕಾಣುತ್ತದಲ್ಲ, ಆ ಹುಲಿ ಅಲ್ಲೇ ಇದೆ ಅಂತ ನನಗೆ ಗಟ್ಟಿ ನಂಬಿಕೆ. ಜಾತ್ರೆಗೆ ಅಪ್ಪನ ಜೊತೆ ದೋಣಿಯಲ್ಲಿ ಹೋದಾಗ ಎಲ್ಲರೂ ದೇವಸ್ಥಾನದ ಕಡೆ ನಡೆದರೆ ನಾನು ಪೊದೆ ನೋಡುತ್ತ ನಿಂತಿದ್ದೆ. ಸಿಂಹದ ಮುಖದ ದೇವರು ಸಿಕ್ಕ. ಹುಲಿ ಸಿಗಲಿಲ್ಲ.

ನೌಕರಿಗೆ ಹುಬ್ಬಳ್ಳಿಗೆ ಹೋದ ಮೇಲೆ ಹುಡುಕಾಟ ಶುರುವಾಯಿತು. ಹಳೆ ಪುಸ್ತಕದ ಅಂಗಡಿ ಕಂಡಲ್ಲೆಲ್ಲ ನಿಲ್ಲುತ್ತಿದ್ದೆ. ಹೆಸರು ಗೊತ್ತಿಲ್ಲ, ರಟ್ಟು ನೋಡಿಲ್ಲ. "ಮೀನು ತಿನ್ನುವ ಹುಲಿಯ ಪುಸ್ತಕ ಇದೆಯಾ?" ಅಂದರೆ ಅಂಗಡಿಯವರು ಪಂಚತಂತ್ರ ತೆಗೆದುಕೊಡುತ್ತಿದ್ದರು. ಬೇಡ ಎನ್ನಲಾಗದೆ ಕೊಂಡಿದ್ದೂ ಉಂಟು. ಈಗ ನಮ್ಮ ಮನೆಯಲ್ಲಿ ಪಂಚತಂತ್ರಕ್ಕೆ ಬರವಿಲ್ಲ.

ಕೊನೆಗೆ ಗುಟ್ಟು ಬಿಡಿಸಿದವನು ಆ ಬೈತಖೋಲದ ಗೆಳೆಯನೇ. ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಊಟಕ್ಕೆ ಕೂತಾಗ ಸುಮ್ನೆ ಕೇಳಿದೆ. "ಅದು ಫ್ಯಾಂಟಮ್ ಮಾರಾಯಾ! ನೀನು ಓದಿದ್ದೇ ಅಲ್ವಾ?" ಅಂದ.

ಫ್ಯಾಂಟಮ್! ಅಮೆರಿಕದ ಲೀ ಫಾಕ್ 1936ರಲ್ಲಿ ಶುರು ಮಾಡಿದ ಮುಖವಾಡದ ವೀರ. ನಮ್ಮಲ್ಲಿ ಟೈಮ್ಸ್ ಆಫ್ ಇಂಡಿಯಾದವರು 1964ರಿಂದ 1990ರವರೆಗೆ ಇಂದ್ರಜಾಲ ಕಾಮಿಕ್ಸಿನಲ್ಲಿ ಅವನನ್ನು ಮನೆಮನೆಗೆ ಮುಟ್ಟಿಸಿದರು. ಈಡನ್ ಅನ್ನುವ ದ್ವೀಪ ಅವನದು. ಅಲ್ಲಿ ಹುಲಿ, ಸಿಂಹಗಳಿಗೆ ಮರಿಯಿದ್ದಾಗಿಂದ ಮೀನು ತಿನ್ನಿಸಿಯೇ ರೂಢಿ. ಹಾಗಾಗಿ ಜಿಂಕೆಗೆ ಭಯವಿಲ್ಲ. ಆ ದ್ವೀಪದಲ್ಲಿ ಸ್ಟೆಗಿ ಅಂತ ಒಂದು ಡೈನೋಸಾರ್ ಕೂಡ ಇದೆ. ವೀರನೂ ನೆನಪಿಲ್ಲ, ಡೈನೋಸಾರೂ ನೆನಪಿಲ್ಲ, ಬಂಗಡೆ ಮಾತ್ರ ನೆನಪಿದೆ. ಹೆಂಡತಿಗೆ ಹೇಳಿದೆ. ಆಶ್ಚರ್ಯವೇನೂ ಆದಂತಿರಲಿಲ್ಲ.

ಹೆಸರು ಸಿಕ್ಕ ಮೇಲೆ ಕೆಲಸ ಸಲೀಸು. ಪರಿಚಯದವರೊಬ್ಬರ ಮನೆಯಲ್ಲಿ ಇಂದ್ರಜಾಲದ ಟ್ರಂಕೇ ಇತ್ತು. ಕೈ ತೊಳೆದು ಒರೆಸಿಕೊಂಡ ಮೇಲೇ ಮುಟ್ಟಲು ಬಿಟ್ಟರು. ಕೇಳಿದ ರೇಟು ಕೊಡುತ್ತೇನೆಂದರೂ ಮಾರಲು ಒಪ್ಪಲಿಲ್ಲ. ಬಿ. ಗೋವಿಂದ್ ಬರೆದ ರಟ್ಟಿನ ಚಿತ್ರಗಳನ್ನು ನಾನು ಕಂಡಿದ್ದು ಆಗಲೇ. ಎಷ್ಟು ಚೆನ್ನಾಗಿವೆ! ನಮ್ಮ ಕೊನೇ ಬೆಂಚಿಗೆ ಅವು ತಲುಪಲೇ ಇಲ್ಲ. ಈಡನ್ನಿನ ಕಥೆ ಪೂರ್ತಿ ಓದಿದೆ, ಆದರೆ ಅದು ಇಂಗ್ಲಿಷಿನದು. ನನಗೆ ಬೇಕಿದ್ದುದು ಕನ್ನಡದ್ದು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನವರೇ, ಮನೆಯ ಅಟ್ಟ ಒಮ್ಮೆ ನೋಡಿ. ರಟ್ಟಿಲ್ಲದಿದ್ದರೂ, ಹಾಳೆ ಬಿಡಿಬಿಡಿಯಾಗಿದ್ದರೂ ನಡೆಯುತ್ತದೆ. ನಡುವಿನ ಭಾಗ ಇರಲಿ, ಅಷ್ಟೇ. ಸಂಪಾದಕರಿಗೆ ತಿಳಿಸಿದರೆ ನಾನೇ ಕಾರವಾರಕ್ಕೆ ಬಂದು ಒಯ್ಯುತ್ತೇನೆ. ಬದಲಿಗೆ ಬೇಕಾದಷ್ಟು ಪಂಚತಂತ್ರ ಕೊಡುತ್ತೇನೆ.