ಮೇಸ್ತ್ರಿಯ ಕೂಗು

"ಮಾತಾಡಲು ತೊಂದರೆಯಿಲ್ಲ ಡಾಕ್ಟರೇ, ಕೂಗಲು ಆಗುತ್ತಿಲ್ಲ."

ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಆರು ವಾರಕ್ಕೆ ಬಂದು ಕುಳಿತವರು ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ಮೇಸ್ತ್ರಿ. ದಿಣ್ಣೆಯ ಮೇಲೆ ನಿಂತು ಕೆಳಗಿನ ಆಳುಗಳನ್ನು ಕರೆಯುವುದೇ ಅವರ ಅರ್ಧ ಕೆಲಸ ಎಂದು ನನಗೆ ಗೊತ್ತಾದದ್ದು ಆ ದಿನ. ಮೊದಲು ಕೇಳಿರಲೇ ಇಲ್ಲ.

ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದೆ. ಎರಡೂ ಧ್ವನಿತಂತುಗಳು ಚೆನ್ನಾಗಿಯೇ ಆಡುತ್ತಿದ್ದವು. ಸುಳ್ಳೇಕೆ ಹೇಳಲಿ, ಮೊದಲು ನಿರಾಳವಾಯಿತು. ನಮ್ಮ ಭಯವೆಲ್ಲ ಧ್ವನಿತಂತುಗಳನ್ನು ಆಡಿಸುವ ರಿಕರೆಂಟ್ ನರದ್ದು. ಅದು ಎಡಗಡೆ ಮಹಾಪಧಮನಿಯನ್ನು, ಬಲಗಡೆ ತೋಳಿಗೆ ಹೋಗುವ ಅಪಧಮನಿಯನ್ನು ಬಳಸಿ ಹಿಂದಿರುಗಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿನಲ್ಲಿ ಮೇಲೇರುತ್ತದೆ. ಒಂದು ಕಡೆ ಪೆಟ್ಟಾದರೆ ದನಿ ಒಡೆಯುತ್ತದೆ, ಎರಡೂ ಕಡೆ ಆದರೆ ಉಸಿರಿಗೇ ಕುತ್ತು. ಅದನ್ನು ಹುಡುಕಿ, ಧ್ವನಿಪೆಟ್ಟಿಗೆ ಸೇರುವವರೆಗೂ ಕಣ್ಣಲ್ಲಿಟ್ಟು ಕಾಯ್ದಿದ್ದೆ. ಗ್ರಂಥಿಯ ಮೇಲ್ತುದಿಯಲ್ಲಿ ಮಾಡಿದ ಅವಸರ ಮಾತ್ರ ಆ ಹೆಮ್ಮೆಯ ಹಿಂದೆ ಅಡಗಿತ್ತು.

ಮೇಲ್ತುದಿಯ ರಕ್ತನಾಳಗಳ ಮಗ್ಗುಲಲ್ಲೇ ನೂಲೆಳೆಯಂಥ ಇನ್ನೊಂದು ನರ ಇಳಿದು ಕ್ರೈಕೋಥೈರಾಯ್ಡ್ ಸ್ನಾಯುವನ್ನು ಸೇರುತ್ತದೆ. ಧ್ವನಿತಂತುಗಳನ್ನು ಎಳೆದು ಬಿಗಿಮಾಡಿ ದನಿಯನ್ನು ಏರಿಸುವುದು ಆ ಸ್ನಾಯು. ಅದು ಸೋತರೆ ಮಾತು ಸರಿಯಾಗಿಯೇ ಇರುತ್ತದೆ, ಕ್ಯಾಮೆರಾಕ್ಕೂ ಹೆಚ್ಚೇನೂ ಕಾಣದೆ ಹೋಗಬಹುದು. ನಾನು ಆ ನಾಳಗಳನ್ನೆಲ್ಲ ಒಟ್ಟಿಗೆ ಹಿಡಿದು ಒಂದೇ ಗಂಟು ಬಿಗಿದಿದ್ದೆ.

ಈಗ ಗ್ರಂಥಿಯನ್ನು ಮೆಲ್ಲನೆ ಕೆಳಗೂ ಪಕ್ಕಕ್ಕೂ ಸರಿಸಿ, ಅದಕ್ಕೂ ಸ್ನಾಯುವಿಗೂ ನಡುವಿನ ಜಾಗ ಬಿಡಿಸಿಕೊಂಡು, ನಾಳಗಳನ್ನು ಗ್ರಂಥಿಗೆ ಅಂಟಿದಂತೆ ಒಂದೊಂದಾಗಿ ಕಟ್ಟುತ್ತೇನೆ. ಕೆಲವರಲ್ಲಿ ಈ ನರ ಗಂಟಲಿನ ಇನ್ನೊಂದು ಸ್ನಾಯುವಿನೊಳಗೆ ಹುದುಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆಗ ನರ ಪರೀಕ್ಷಿಸುವ ಸಣ್ಣ ವಿದ್ಯುತ್ ಕಡ್ಡಿಯನ್ನು ತಾಗಿಸಬೇಕು. ಕ್ರೈಕೋಥೈರಾಯ್ಡ್ ಸ್ನಾಯು ಮಿಡುಕಿದರೆ ಅಲ್ಲಿ ಗಂಟು ಹಾಕುವಂತಿಲ್ಲ. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಉಳಿದಿದ್ದರೆ ಈ ಪರೀಕ್ಷೆಯೇ ಸುಳ್ಳಾಗುತ್ತದೆ. ಅದಕ್ಕೇ ಅರಿವಳಿಕೆ ವೈದ್ಯರಿಗೆ ಹಿಂದಿನ ದಿನವೇ ಹೇಳಿಡುತ್ತೇನೆ. ಹತ್ತಿರದಲ್ಲಿ ಬಿಸಿಯ ಉಪಕರಣ ಬಳಸುವುದಂತೂ ಬೇಡವೇ ಬೇಡ.

ಮೊದಲ ಭೇಟಿಯಲ್ಲೇ ದನಿಯ ಬಗ್ಗೆ ಕೇಳುತ್ತೇನೆ. ಕಳೆದ ತಿಂಗಳು ಒಬ್ಬ ಅಜ್ಜ, "ನನಗೆ ಮಾತೇ ಕಡಿಮೆ" ಎಂದರು. ಪಕ್ಕದಲ್ಲಿದ್ದ ಸೊಸೆ, "ಹುತ್ತರಿಗೆ ದುಡಿ ಹಿಡಿದು ಹಾಡುವವರು ಇವರೇ ಅಲ್ಲವೇ" ಎಂದರು. ಅವರಿಂದ ಎರಡು ಸಾಲು ಹಾಡಿಸಿ, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡೇ ಕಳುಹಿಸಿದೆ.

ಮೇಸ್ತ್ರಿಯವರಿಗೆ ತಿಂಗಳುಗಟ್ಟಲೆ ಧ್ವನಿ ಅಭ್ಯಾಸ ಮಾಡಿಸಿದೆವು. ಸ್ವಲ್ಪ ಸುಧಾರಿಸಿತು, ಹಳೆಯ ಕೂಗು ಬರಲಿಲ್ಲ. ಈಗ ಅವರ ಕೊರಳಲ್ಲಿ ಕಪ್ಪು ದಾರದ ಸೀಟಿಯೊಂದು ತೂಗುತ್ತದೆ, ನಾನು ಹಾಕಿದ ಹೊಲಿಗೆಯ ಗುರುತಿಗಿಂತ ಒಂದು ಗೇಣು ಕೆಳಗೆ.